ಮುಂಬಯಿಯ ಹಡಗುಕಟ್ಟೆಯೂ ಒಬ್ಬ ಉಗಿಯಂತ್ರಜ್ಞನ ಚರಿತ್ರೆಯೂ

ಮುಂಬಯಿಗೆ ಹೋಗಿಬಂದವರು ಊರಿನಲ್ಲಿ ಹೇಳತಕ್ಕ ವಿಷಯಗಳು ಬಹುಮಟ್ಟಿಗೆ ಒಂದೇ ಆಗಿರುತ್ತವೆ. ಮಹಾಲಕ್ಷ್ಮಿಯ ದರ್ಶನ, ಚೌಪಾಟಿಯ ಮರಳು, ರೈಲುಗಳಲ್ಲಿಯ ಜನಸಂದಣಿ, ಗಗನವನ್ನು ಮುಟ್ಟುವ ಮನೆಗಳು. ಇವೆಲ್ಲವನ್ನೂ ನಾನೂ ನೋಡಿದೆನು. ಆದರೆ ಕಳೆದ ಮಾಘಮಾಸದ ನನ್ನ ಪ್ರಯಾಣದಲ್ಲಿ ಮನಸ್ಸಿಗೆ ನಾಟಿದುದು ಇವುಗಳಲ್ಲಿ ಯಾವುದೂ ಅಲ್ಲ. ಒಂದು ಎತ್ತರವಾದ ಕಲ್ಲುಗೋಡೆ, ಅದರ ಹಿಂದಿರುವ ಹಡಗುಕಟ್ಟೆ, ಮತ್ತು ಅಲ್ಲಿ ಒಂದು ಕಾಲದಲ್ಲಿ ಅಧಿಕಾರ ನಡೆಸಿದ ಒಬ್ಬ ಪುರುಷನ ಚರಿತ್ರೆ. ಅದನ್ನೇ ಇಲ್ಲಿ ವಾಚಕರಿಗೆ ನಿವೇದಿಸುತ್ತೇನೆ.

ಮೊದಲು ಪ್ರಯಾಣದ ಕಾರಣವನ್ನು ಹೇಳಬೇಕು. ನನ್ನ ತಂಗಿಯ ಮಗನು ಹಡಗಿನಲ್ಲಿ ಇಂಜಿನಿಯರನಾಗಿದ್ದಾನೆ. ಬಾಲ್ಯದಲ್ಲಿ ಅವನು ನನ್ನ ಮನೆಯಲ್ಲಿಯೇ ಬೆಳೆದು, ಅಮರಕೋಶದ ಪ್ರಥಮಕಾಂಡವನ್ನು ಒಂಬತ್ತನೆಯ ವಯಸ್ಸಿಗೇ ಕಂಠಪಾಠ ಮಾಡಿದ್ದನು. ಅಂತಹ ಬುದ್ಧಿಯು ಶಾಸ್ತ್ರಕ್ಕೆ ಮೀಸಲಾಗಬೇಕೆಂದು ನನ್ನ ಆಸೆ. ಅವನಾದರೋ ಯಂತ್ರವಿದ್ಯೆಯನ್ನು ಹಿಡಿದು ಸಮುದ್ರಕ್ಕೆ ಹೋಗುವೆನೆಂದನು. ಆ ದಿನ ನಾನು, “ಇಷ್ಟು ಓದಿದ್ದು ಮಸಿಯಲ್ಲಿ ಹೊರಳುವುದಕ್ಕೇನು?” ಎಂದುಬಿಟ್ಟೆನು. ಹುಡುಗನು ಎದುರಾಡಲಿಲ್ಲ, ನಮಸ್ಕರಿಸಿ ಹೋದನು. ಅಲ್ಲಿಂದೀಚೆಗೆ ಆರು ವರ್ಷಗಳಲ್ಲಿ ನಮ್ಮಿಬ್ಬರ ಮಾತು ಕುಶಲಪ್ರಶ್ನೆಯನ್ನು ಮೀರಿರಲಿಲ್ಲ. ಈಗ ಅವನು ಮೇಲಿನ ದರ್ಜೆಯ ಪರೀಕ್ಷೆಗಾಗಿ ಕೆಲವು ತಿಂಗಳು ಮುಂಬಯಿಯಲ್ಲಿ ನಿಂತಿದ್ದನು. ತಂಗಿಗೆ ಮಂಡಿನೋವು; ಆದುದರಿಂದ ಅಪ್ಪೆಮಿಡಿಯ ಉಪ್ಪಿನಕಾಯಿಯ ಭರಣಿಯನ್ನೂ ಹಲಸಿನ ಹಪ್ಪಳದ ಕಟ್ಟನ್ನೂ ನನ್ನ ಕೈಗೆ ಕೊಟ್ಟು, “ಅಣ್ಣಾ, ನೀನೇ ಹೋಗಿ ಬಾ. ಮಾತಾಡಿ ಬಾ” ಎಂದಳು. ಈ ಎರಡನೆಯ ವಾಕ್ಯವೇ ಮುಖ್ಯವೆಂಬುದು ನನಗೆ ತಿಳಿಯದೆ ಇರಲಿಲ್ಲ.

ಕುಮಟೆಯಲ್ಲಿ ರೈಲು ಹತ್ತಿದರೆ ಒಂದು ರಾತ್ರಿಯೊಳಗೆ ಮುಂಬಯಿ ಸಿಕ್ಕುತ್ತದೆ. ಕೊಂಕಣ ರೈಲು 1998ರಲ್ಲಿ ಪೂರ್ಣವಾದ ಮೇಲೆ ಬಂದ ಅನುಕೂಲವಿದು. ನಮ್ಮ ಅಜ್ಜನವರ ಕಾಲದಲ್ಲಿ ಕರಾವಳಿಯ ಜನರು ಮುಂಬಯಿಗೆ ಹೋಗುತ್ತಿದ್ದುದು ಆಗಬೋಟಿನಲ್ಲಿ. ಹಡಗು ಆಳನೀರಿನಲ್ಲಿ ದೂರ ನಿಲ್ಲುವುದು. ಗಂಟುಮೂಟೆಗಳೊಡನೆ ಸಣ್ಣ ದೋಣಿಯಲ್ಲಿ ಹೋಗಿ ಅದನ್ನು ಹತ್ತಬೇಕು. ಮಳೆಗಾಲ ಬಂದಿತೆಂದರೆ ಸಂಚಾರವೇ ನಿಲ್ಲುವುದು. ‘ಆಗಬೋಟು’ ಎಂಬ ಶಬ್ದವನ್ನು ಬಾಲ್ಯದಲ್ಲಿ ಎಷ್ಟೋ ಸಲ ಕೇಳಿದ್ದೆನು. ‘ಆಗ’ ಎಂಬುದು ಸಂಸ್ಕೃತದ ಅಗ್ನಿಶಬ್ದದಿಂದ ಹುಟ್ಟಿ ಹಿಂದಿ ಮರಾಠಿಗಳಲ್ಲಿ ಬೆಳೆದುದು; ‘ಬೋಟು’ ಆಂಗ್ಲರದು. ಬೆಂಕಿಯಿಂದ ನಡೆಯುವ ನೌಕೆ ಎಂದರ್ಥ. ಅರ್ಧ ನಮ್ಮದು, ಅರ್ಧ ಪರರದು. ಆದರೂ ಶಬ್ದವು ಒಂದೇ ಆಗಿ ನಿಂತಿದೆ. ನಾನು ಹೇಳಹೊರಟಿರುವ ಪುರುಷನ ಜೀವನವೂ ಹೀಗೆಯೇ ಎಂದು ಆ ರಾತ್ರಿ ನನಗೆ ಗೊತ್ತಿರಲಿಲ್ಲ.

ಮರುದಿನ ಅಳಿಯನು ನನ್ನನ್ನು ಮೊದಲು ಏಷಿಯಾಟಿಕ್ ಸೊಸೈಟಿಯ ಗ್ರಂಥಾಲಯಕ್ಕೆ ಕರೆದುಕೊಂಡು ಹೋದನು. ಇದು ನನ್ನ ಸಂತೋಷಕ್ಕಾಗಿ ಅವನು ಮಾಡಿದ ಏರ್ಪಾಡು. 1833ರಲ್ಲಿ ಪೂರ್ಣವಾದ ಟೌನ್ ಹಾಲು ಎಂಬ ಭವ್ಯವಾದ ಕಟ್ಟಡವದು; ವಿಶಾಲವಾದ ಕಲ್ಲುಮೆಟ್ಟಿಲುಗಳು, ಎತ್ತರವಾದ ಕಂಬಗಳು. ಧರ್ಮಶಾಸ್ತ್ರದ ಇತಿಹಾಸವನ್ನು ಬರೆದ ಮಹಾಮಹೋಪಾಧ್ಯಾಯ ಪಾಂಡುರಂಗ ವಾಮನ ಕಾಣೆಯವರು ಈ ಸೊಸೈಟಿಯೊಡನೆ ದೀರ್ಘಕಾಲ ಸಂಬಂಧವುಳ್ಳವರು. ಆ ಮೆಟ್ಟಿಲುಗಳ ಮೇಲೆ ಭಕ್ತಿಯಿಂದ ಕುಳಿತೆನು. ಆಗ ಅಳಿಯನು, “ಮಾವ, ತಾವು ನೋಡಬೇಕಾದದ್ದನ್ನು ನೋಡಿದಿರಿ. ನಾನು ತೋರಿಸಬೇಕೆಂದಿರುವುದು ಇಲ್ಲಿಂದ ಸ್ವಲ್ಪವೇ ದೂರವಿದೆ; ಬರುತ್ತೀರಾ?” ಎಂದು ಕೇಳಿದನು.

ದಕ್ಷಿಣಕ್ಕೆ ಸ್ವಲ್ಪ ದೂರ ನಡೆದರೆ ಉದ್ದವಾದ ಗೋಡೆಯೂ ಸಿಂಹಗಳಿರುವ ಒಂದು ದ್ವಾರವೂ ಕಾಣುತ್ತವೆ. ಲಯನ್ ಗೇಟೆಂದು ಅದರ ಹೆಸರು. ಒಳಗಿರುವುದು ನೌಕಾದಳದ ಹಡಗುಕಟ್ಟೆ; ನಮ್ಮಂತಹವರಿಗೆ ಪ್ರವೇಶವಿಲ್ಲ. ಬಾಗಿಲಿನ ಎದುರು ನಿಂತುಕೊಂಡೇ ಅವನು ಸಂಗತಿಯನ್ನು ಹೇಳತೊಡಗಿದನು. ಊರಿಗೆ ಬಂದ ಮೇಲೆ ನಾನೂ ಕೆಲವು ಗ್ರಂಥಗಳನ್ನು ತರಿಸಿ ಓದಿದೆನು. ಎರಡನ್ನೂ ಕೂಡಿಸಿ ಕ್ರಮವಾಗಿ ಬರೆಯುತ್ತೇನೆ.

ಸೂರತ್ತಿನಲ್ಲಿ ಹಡಗು ಕಟ್ಟುತ್ತಿದ್ದ ಲವಜಿ ನಸರವಾನಜಿ ಎಂಬ ಪಾರಸಿ ಬಡಗಿಯನ್ನು ಈಸ್ಟ್ ಇಂಡಿಯಾ ಕಂಪನಿಯವರು 1736ರಲ್ಲಿ ಮುಂಬಯಿಗೆ ಕರೆಯಿಸಿದರು. ಅವನ ವಂಶದವರೇ ವಾಡಿಯಾ ಎಂದು ಪ್ರಸಿದ್ಧರಾದ ನೌಕಾಶಿಲ್ಪಿಗಳು. ತಂದೆಯಿಂದ ಮಗನಿಗೆ, ಮಗನಿಂದ ಮೊಮ್ಮಗನಿಗೆ ಉಳಿಬಾಚಿಗಳ ವಿದ್ಯೆ ಇಳಿದು ಬಂದಿತು. ಹಡಗು ಒಳಹೊಕ್ಕ ಮೇಲೆ ಬಾಗಿಲು ಮುಚ್ಚಿ ನೀರನ್ನೆಲ್ಲ ಹೊರಗೆ ಹಾಕಿ, ಹಡಗಿನ ಅಡಿಯನ್ನು ರಿಪೇರಿ ಮಾಡತಕ್ಕ ಕಲ್ಲಿನ ಕಟ್ಟೆಗಳು ಇಲ್ಲಿ 1750ರ ಸುಮಾರಿಗೇ ಆದವು. ಮಲಬಾರದ ಮತ್ತು ನಮ್ಮ ಕನ್ನಡ ಜಿಲ್ಲೆಯ ಕಾಡುಗಳ ತೇಗದ ಮರಗಳು ಸಮುದ್ರಮಾರ್ಗವಾಗಿ ಇಲ್ಲಿಗೆ ಬಂದು ಹಡಗುಗಳಾದವು. ಆ ಮರದ ಗಟ್ಟಿತನಕ್ಕೆ ಒಂದೇ ನಿದರ್ಶನ ಸಾಕು: 1817ರಲ್ಲಿ ಇಲ್ಲಿ ಮಲಬಾರದ ತೇಗದಿಂದ ಕಟ್ಟಿದ ‘ಟ್ರಿಂಕೋಮಲಿ’ ಎಂಬ ಯುದ್ಧನೌಕೆಯು ಎರಡು ನೂರು ವರ್ಷಗಳಿಗೆ ಮೇಲ್ಪಟ್ಟರೂ ಇಂಗ್ಲೆಂಡಿನ ಹಾರ್ಟಲ್‌ಪೂಲ್ ಎಂಬಲ್ಲಿ ನೀರಿನ ಮೇಲೆಯೇ ನಿಂತಿದೆ.

ಇಂತಹ ಮನೆತನದಲ್ಲಿ 1808ರ ಅಕ್ಟೋಬರ್ 6ರಂದು ಅರ್ದೇಶೀರ್ ಕರ್ಸೇಟಜಿ ಎಂಬವರು ಜನಿಸಿದರು. ಹದಿನಾಲ್ಕನೆಯ ವಯಸ್ಸಿನಲ್ಲಿ ಕುಲಕ್ರಮದಂತೆ ಹಡಗುಕಟ್ಟೆಯ ಕೆಲಸಕ್ಕೆ ಸೇರಿದರು. ಆದರೆ ಅವರ ಮನಸ್ಸು ಮರದಲ್ಲಿ ನಿಲ್ಲಲಿಲ್ಲ; ಉಗಿಯ ಯಂತ್ರವು ಅದನ್ನು ಸೆಳೆಯಿತು.

ಉಗಿಯ ಯಂತ್ರವೆಂದರೆ ಏನೆಂಬುದು ಗೃಹಿಣಿಯರಿಗೆ ಹೊಸತಲ್ಲ. ಅನ್ನದ ಪಾತ್ರೆಯ ಮುಚ್ಚಳವು ಕುದಿಯ ವೇಗಕ್ಕೆ ಏಳುವುದನ್ನು ಅವರು ನಿತ್ಯವೂ ಕಾಣುತ್ತಾರೆ. ಆ ಮುಚ್ಚಳವನ್ನು ಎತ್ತುವ ಶಕ್ತಿಯನ್ನೇ ಬಾಯ್ಲರೆಂಬ ಮುಚ್ಚಿದ ಹಂಡೆಯಲ್ಲಿ ಕೂಡಿಹಾಕಿ, ಕೊಳವೆಯ ಮೂಲಕ ಸಿಲಿಂಡರಿನೊಳಗೆ ಬಿಡುತ್ತಾರೆ. ಅಲ್ಲಿರುವ ಪಿಸ್ಟನ್ನು ಉಗಿಯ ಒತ್ತಡಕ್ಕೆ ಹಿಂದುಮುಂದಾಗಿ ಚಲಿಸಿ ಗಾಲಿಯನ್ನು ತಿರುಗಿಸುತ್ತದೆ. ಅಂದಿನ ಉಗಿಹಡಗುಗಳಿಗೆ ಎರಡು ಪಕ್ಕಗಳಲ್ಲಿಯೂ ನೀರನ್ನು ಹಿಂದಕ್ಕೆ ತಳ್ಳುವ ದೊಡ್ಡ ಗಾಲಿಗಳಿದ್ದವು. ಹೇಳುವುದಕ್ಕೆ ಸುಲಭ, ನಡೆಸುವುದು ಕಷ್ಟ. ಬಾಯ್ಲರಿಗೆ ಸಮುದ್ರದ ನೀರನ್ನೇ ಹಾಕಬೇಕಾಗಿತ್ತು. ನೀರು ಉಗಿಯಾಗಿ ಹೋದಂತೆ ಉಪ್ಪು ಒಳಗೆ ಉಳಿದು, ನಮ್ಮ ಬಚ್ಚಲ ಹಂಡೆಯ ತಳದಲ್ಲಿ ಕಟ್ಟುವ ಸುಣ್ಣದ ಹಾಗೆ ಗೋಡೆಗೆ ಅಂಟಿಕೊಳ್ಳುತ್ತಿತ್ತು. ಆಗಾಗ್ಗೆ ಗಟ್ಟಿ ಉಪ್ಪುನೀರನ್ನು ಹೊರಗೆ ಬಿಡದಿದ್ದರೆ ತಗಡು ಕೆಂಪಗೆ ಕಾದು ಬಾಯ್ಲರು ಕೆಡುವುದು. ಬಿಟ್ಟರೆ ಕಾಯಿಸಿದ ಶಾಖವೆಲ್ಲ ವ್ಯರ್ಥ. ಎಷ್ಟು ಹೊತ್ತಿಗೆ ಎಷ್ಟನ್ನು ಬಿಡಬೇಕೆಂಬ ವಿವೇಕವೇ ಯಂತ್ರಜ್ಞನ ವಿದ್ಯೆ.

ಕಲ್ಲಿದ್ದಲಿನ ಚಿಂತೆ ಬೇರೆ. ಮುಂಬಯಿಯಲ್ಲಿಯೇ 1829ರಲ್ಲಿ ಕಟ್ಟಿದ ‘ಹ್ಯೂ ಲಿಂಡ್ಸೆ’ ಎಂಬ ಉಗಿಹಡಗು 1830ರ ಮಾರ್ಚ್ 20ರಂದು ಸುಯೇಜಿಗೆ ಹೊರಟಿತು. ಅದರಲ್ಲಿ ಸುಮಾರು ಐದೂವರೆ ದಿನಗಳ ಕಲ್ಲಿದ್ದಲಿಗೆ ಮಾತ್ರ ಸ್ಥಳ. ಏಡನ್ ಬಂದರಕ್ಕೆ ಹನ್ನೊಂದು ದಿನಗಳ ದಾರಿ. ಆದುದರಿಂದ ಜನರು ಮಲಗತಕ್ಕ ಕೋಣೆಗಳಲ್ಲಿಯೂ ಇದ್ದಲನ್ನು ತುಂಬಿದರು. ಏಡನ್ನನ್ನು ಮುಟ್ಟಿದಾಗ ಉಳಿದಿದ್ದುದು ಕೆಲವು ಗಂಟೆಗಳಿಗೆ ಸಾಕಾಗುವಷ್ಟು ಮಾತ್ರ. ಆದರೂ ಏಪ್ರಿಲ್ 22ಕ್ಕೆ ಅದು ಸುಯೇಜನ್ನು ಸೇರಿತು. ಆಫ್ರಿಕಾಖಂಡವನ್ನು ಸುತ್ತಿ ಹಾಯಿಯ ಹಡಗಿನಲ್ಲಿ ತಿಂಗಳುಗಟ್ಟಲೆ ಹೋಗುತ್ತಿದ್ದ ಜನರಿಗೆ ಇದು ಎಂತಹ ಆಶ್ಚರ್ಯವೆಂದು ಊಹಿಸಬಹುದು.

ಇದನ್ನೆಲ್ಲ ಹತ್ತಿರದಿಂದ ಕಾಣುತ್ತಿದ್ದ ತರುಣ ಅರ್ದೇಶೀರರು ಒಂದು ಕುದುರೆಶಕ್ತಿಯ ಸಣ್ಣ ಯಂತ್ರವನ್ನು ತಾವೇ ನಿರ್ಮಿಸಿದರು. 1833ರಲ್ಲಿ, ಆ ಟೌನ್ ಹಾಲು ಪೂರ್ಣವಾದ ವರ್ಷದಲ್ಲಿಯೇ, ‘ಇಂಡಸ್’ ಎಂಬ 60 ಟನ್ನಿನ ಹಡಗನ್ನು ಕಟ್ಟಿ ನೀರಿಗಿಳಿಸಿದರು. ಮರುವರ್ಷ ಮಜಗಾಂವಿನ ತಮ್ಮ ಮನೆಯನ್ನೂ ತೋಟವನ್ನೂ ಅನಿಲದೀಪಗಳಿಂದ ಬೆಳಗಿಸಿದರು. ಮನೆಯವರು ಈ ಪ್ರಯೋಗಗಳನ್ನು ಕಂಡು ಏನೆಂದುಕೊಂಡರೋ! ನೌಕಾಶಿಲ್ಪಿಗಳ ಕುಲದಲ್ಲಿ ಹುಟ್ಟಿದವನು, ತನ್ನ ಕುಲದ ಮರಗೆಲಸವನ್ನೇ ಕೊನೆಗೆ ನುಂಗತಕ್ಕ ಬೆಂಕಿಯನ್ನೂ ಕಬ್ಬಿಣವನ್ನೂ ಮನೆಯೊಳಗೆ ತಂದುಕೊಂಡನಲ್ಲ ಎಂದು ಹಿರಿಯರಿಗೆ ತೋರಿದ್ದರೆ ಆಶ್ಚರ್ಯವಿಲ್ಲ.

ಇಲ್ಲಿ ಒಂದು ಮಾತು ನೆನಪಾಗುತ್ತದೆ. ಭೋಜರಾಜನ ಹೆಸರಿನಲ್ಲಿರುವ ‘ಯುಕ್ತಿಕಲ್ಪತರು’ವಿನಲ್ಲಿ ನೌಕೆಗಳ ಲಕ್ಷಣವಿದೆ. ಸಮುದ್ರಕ್ಕೆ ಹೋಗುವ ನೌಕೆಯ ಹಲಗೆಗಳನ್ನು ಕಬ್ಬಿಣದಿಂದ ಬಂಧಿಸಬಾರದು, ನೀರಿನೊಳಗಿನ ಅಯಸ್ಕಾಂತದ ಬಂಡೆಗಳು ಅದನ್ನು ಸೆಳೆದುಕೊಂಡಾವು ಎಂದು ಅಲ್ಲಿ ಎಚ್ಚರಿಕೆ ಕೊಟ್ಟಿದೆ. ಈ ವಿಷಯವನ್ನು ನಾನು ತರಗತಿಯಲ್ಲಿ ಎಷ್ಟೋ ಸಲ ಹೆಮ್ಮೆಯಿಂದ ಹೇಳಿದ್ದುಂಟು. ಆದರೆ ಒಂದು ದಿನವಾದರೂ ಒಂದು ನೌಕೆಯ ಹಲಗೆಯನ್ನು ಕೈಯಿಂದ ಮುಟ್ಟಿ ನೋಡಿದವನಲ್ಲ. ಬಾಗಿಲಿನ ಮುಂದೆ ನಿಂತಾಗ ನನಗೆ ಮೊದಲು ಹೊಳೆದ ಸಂಗತಿ ಇದೇ.

1839ರಲ್ಲಿ ಅರ್ದೇಶೀರರು ಉಗಿಯಂತ್ರದ ವಿದ್ಯೆಯನ್ನು ಪೂರ್ಣವಾಗಿ ಕಲಿಯಬೇಕೆಂದು ಇಂಗ್ಲೆಂಡಿಗೆ ಹೊರಟರು. ಆಗ ಸುಯೇಜ್ ಕಾಲುವೆ ಇರಲಿಲ್ಲ. ಅದು ತೆರೆದುದು 1869ರಲ್ಲಿ. ಕೆಂಪು ಸಮುದ್ರದಲ್ಲಿ ಸುಯೇಜಿನವರೆಗೆ ಹೋಗಿ, ಅಲ್ಲಿಂದ ಮರುಭೂಮಿಯನ್ನು ದಾಟಿ ಕೈರೋ ನಗರಕ್ಕೆ, ಅಲ್ಲಿಂದ ಅಲೆಕ್ಸಾಂಡ್ರಿಯಾಕ್ಕೆ ಹೋಗಿ ಬೇರೆ ಹಡಗನ್ನು ಹಿಡಿಯಬೇಕು. ಈ ಪ್ರಯಾಣದ ದಿನಚರಿಯನ್ನು ಅವರು ಆಂಗ್ಲಭಾಷೆಯಲ್ಲಿ ಬರೆದರು. ಅದು 1840ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಅಲ್ಲಿಯ ಯಂತ್ರಶಾಲೆಗಳನ್ನೂ ಹಡಗುಕಟ್ಟೆಗಳನ್ನೂ ಸೂಕ್ಷ್ಮವಾಗಿ ಕಂಡು ಕಲಿತು ಹಿಂದಿರುಗಿದರು. ಆ ದೇಶದ ವಿದ್ವಾಂಸರು ಅವರ ಯೋಗ್ಯತೆಯನ್ನು ಮೆಚ್ಚಿ 1841ರ ಮೇ 27ರಂದು ರಾಯಲ್ ಸೊಸೈಟಿಯ ಸದಸ್ಯರನ್ನಾಗಿ ಆರಿಸಿದರು. ಭಾರತೀಯರಲ್ಲಿ ಈ ಗೌರವವನ್ನು ಪಡೆದವರಲ್ಲಿ ಅವರೇ ಮೊದಲಿಗರು. ಎರಡನೆಯವರು ಗಣಿತಜ್ಞ ಶ್ರೀನಿವಾಸ ರಾಮಾನುಜನ್, ಅದು 1918ರಲ್ಲಿ. ನಡುವೆ ಎಪ್ಪತ್ತೇಳು ವರ್ಷಗಳು ಕಳೆದವು.

ಈ ಆಯ್ಕೆಯಾದ ದಿನ ಅರ್ದೇಶೀರರು ಲಂಡನ್ನಿನಲ್ಲಿರಲಿಲ್ಲ, ಮುಂಬಯಿಯಲ್ಲಿ ಕೆಲಸದಲ್ಲಿದ್ದರು. ಕಂಪನಿಯ ಉಗಿಯಂತ್ರಶಾಲೆಯ ಮುಖ್ಯ ಇಂಜಿನಿಯರಾಗಿ 1841ರ ಏಪ್ರಿಲ್ 1ರಿಂದ ಅಧಿಕಾರ ವಹಿಸಿಕೊಂಡಿದ್ದರು. ಸಂಬಳ ತಿಂಗಳಿಗೆ 600 ರೂಪಾಯಿ. ಅವರ ಕೈಕೆಳಗೆ ಒಬ್ಬ ಐರೋಪ್ಯ ಮುಖ್ಯ ಸಹಾಯಕ, ನಾಲ್ವರು ಐರೋಪ್ಯ ಮೇಸ್ತ್ರಿಗಳು, ನೂರು ಮಂದಿ ಐರೋಪ್ಯ ಇಂಜಿನಿಯರುಗಳು ಮತ್ತು ಬಾಯ್ಲರು ಕಟ್ಟುವವರು, ಸುಮಾರು ಇನ್ನೂರು ಮಂದಿ ದೇಶೀಯ ಕೆಲಸಗಾರರು. ಕರಿಯನು ಬಿಳಿಯನಿಗೆ ಆಜ್ಞೆ ಮಾಡುವುದೆಂದರೆ ಅಂದಿನ ದಿನಗಳಲ್ಲಿ ಊಹೆಗೂ ನಿಲುಕದ ಸಂಗತಿ. ಮುಂಬಯಿಯ ಆಂಗ್ಲ ಪತ್ರಿಕೆಯೊಂದು ಇದನ್ನು ಬಹಿರಂಗವಾಗಿ ವಿರೋಧಿಸಿತು. ಎಷ್ಟೇ ಸಮರ್ಥನಾಗಲಿ, ದೇಶೀಯನೊಬ್ಬನು ಇಂಗ್ಲಿಷರ ಮೇಲೆ ಅಧಿಕಾರ ನಡೆಸಲು ತಕ್ಕವನಲ್ಲವೆಂಬ ಅರ್ಥದಲ್ಲಿ ಬರೆಯಿತು. ಅರ್ದೇಶೀರರು ಹದಿನಾರು ವರ್ಷ ಆ ಸ್ಥಾನದಲ್ಲಿದ್ದು 1857ರ ಆಗಸ್ಟಿನಲ್ಲಿ ನಿವೃತ್ತರಾದರು. ಟೀಕೆಗೆ ಇದಕ್ಕಿಂತ ದೊಡ್ಡ ಉತ್ತರ ಬೇಕೆ?

ಇದನ್ನು ಕೇಳಿದ ಮೇಲೆ ನಾನು ಅಳಿಯನನ್ನು, “ಯಂತ್ರವೇನು ಕರಿಯ ಬಿಳಿಯ ಎಂದು ನೋಡೀತೇ?” ಎಂದೆನು. ಅವನು ನಕ್ಕು, “ನೋಡುವುದಿಲ್ಲ, ಮಾವ. ಓದಿದವನು ಓದದವನು ಎಂದೂ ನೋಡುವುದಿಲ್ಲ. ತಪ್ಪು ಮಾಡಿದರೆ ಯಾರ ಕೈಯನ್ನಾದರೂ ಸುಡುತ್ತದೆ” ಎಂದನು. ಅವನ ಎಡ ಮುಂಗೈಯ ಮೇಲೆ ಸುಟ್ಟ ಕಲೆಯೊಂದಿರುವುದನ್ನು ಆಗಲೇ ನಾನು ನೋಡಿದುದು. ತಾಯಿಗೆ ಹೇಳಬಾರದೆಂದು ಬೇಡಿಕೊಂಡನು.

ಮಧ್ಯಾಹ್ನ ಗೇಟ್‌ವೇ ಆಫ್ ಇಂಡಿಯಾದ ಬಳಿ ಲಾಂಚನ್ನು ಹತ್ತಿ ಘಾರಾಪುರಿಯ ಗುಹೆಗಳಿಗೆ ಹೊರಟೆವು. ಸುಮಾರು ಒಂದು ಗಂಟೆಯ ದಾರಿ. ಲಾಂಚು ಕಟ್ಟೆಯನ್ನು ಬಿಟ್ಟೊಡನೆ ಎಡಗಡೆಗೆ ಹಡಗುಕಟ್ಟೆಯ ಕ್ರೇನುಗಳೂ ಬೂದುಬಣ್ಣದ ಯುದ್ಧನೌಕೆಗಳೂ ಕಾಣಿಸಿದವು. ಗೋಡೆಯ ಹೊರಗಿನಿಂದ ಕಾಣದಿದ್ದುದು ನೀರಿನ ಕಡೆಯಿಂದ ಕಂಡಿತು. ಜನರೆಲ್ಲ ಮೇಲಿನ ಅಂತಸ್ತಿನಲ್ಲಿ ಗಾಳಿಗೆ ಮುಖವೊಡ್ಡಿ ಕುಳಿತಿದ್ದರು. ಚುಕ್ಕಾಣಿಯ ಬಳಿ ಸಾರಂಗನು ಗಂಟೆ ಬಾರಿಸಿದರೆ, ಕೆಳಗೆ ಯಾರಿಗೂ ಕಾಣದ ಒಬ್ಬನು ಯಂತ್ರದ ವೇಗವನ್ನು ಹೆಚ್ಚಿಸುವನು ಅಥವಾ ತಗ್ಗಿಸುವನು.

ಇದನ್ನು ತೋರಿಸುತ್ತ ಅಳಿಯನು ತನ್ನ ಜೀವನವನ್ನು ಹೇಳಿದನು. ಈಗ ಹಡಗುಗಳಲ್ಲಿ ಬಹುಮಟ್ಟಿಗೆ ಡೀಸೆಲ್ ಯಂತ್ರಗಳೇ. ಆದರೆ ಉಗಿಯು ಪೂರ್ತಿಯಾಗಿ ಹೋಗಿಲ್ಲ. ದೊಡ್ಡ ಹಡಗುಗಳು ಸುಡುವ ಎಣ್ಣೆಯು ಡಾಂಬರಿನಂತೆ ದಪ್ಪವಾಗಿರುವುದರಿಂದ ಅದನ್ನು ಕಾಯಿಸಿ ತೆಳ್ಳಗೆ ಮಾಡುವುದಕ್ಕೆ ಇಂದಿಗೂ ಬಾಯ್ಲರಿನ ಉಗಿ ಬೇಕು. ನಾಲ್ಕು ಗಂಟೆ ಪಾಳಿ, ಎಂಟು ಗಂಟೆ ಬಿಡುವು ಎಂಬ ಹಳೆಯ ಕ್ರಮವೂ ಅನೇಕ ಹಡಗುಗಳಲ್ಲಿ ಉಳಿದಿದೆ. ಕೆಳಗಿನವರಿಗೆ ಸಮುದ್ರವೇ ಕಾಣದು. ಹಗಲು ರಾತ್ರಿಗಳ ಭೇದವಿಲ್ಲ. ಬೇಸಗೆಯ ನಮ್ಮ ಅಡಿಗೆಮನೆಗಿಂತ ಹೆಚ್ಚಾದ ಸೆಕೆ. ಕಲ್ಲಿದ್ದಲಿನ ಕಾಲದಲ್ಲಿ ಬೆಂಕಿಗೆ ಇದ್ದಲು ಎಸೆಯುತ್ತಿದ್ದವರ ಪಾಡಂತೂ ಇದಕ್ಕಿಂತ ಘೋರ. ಆಂಗ್ಲರ ಹಡಗುಗಳಲ್ಲಿ ಆ ಕೆಲಸಕ್ಕೆ ನಮ್ಮ ದೇಶದವರನ್ನೇ ಸಾವಿರಗಟ್ಟಲೆ ಇಟ್ಟುಕೊಳ್ಳುತ್ತಿದ್ದರು. ಆಗವಾಲಾ ಎಂದು ಅವರ ಹೆಸರು. ಬೆಂಕಿ ಉರಿಸುವವನು ನಮ್ಮವನು, ಅಧಿಕಾರಿ ಪರದೇಶದವನು ಎಂಬುದೇ ಅಂದಿನ ರೂಢಿ. ಅರ್ದೇಶೀರರು ಮುರಿದುದು ಆ ರೂಢಿಯನ್ನೇ.

ದಾರಿಯ ನಡುವೆ ಲಾಂಚಿನ ಶಬ್ದದಲ್ಲಿ ನನಗೆ ಏನೂ ವ್ಯತ್ಯಾಸ ಕೇಳಿಸಲಿಲ್ಲ. ಆದರೆ ಅಳಿಯನು ಮಾತನ್ನು ಅರ್ಧಕ್ಕೆ ನಿಲ್ಲಿಸಿ ಕಿವಿಗೊಟ್ಟನು. ಬಳಿಕ ಸಾರಂಗನನ್ನು ಕೇಳಿಕೊಂಡು ಕೆಳಗಿಳಿದನು. ನಾನೂ ಏಣಿಯ ಬಾಯಲ್ಲಿ ಬಗ್ಗಿ ನೋಡಿದೆನು. ಮುದುಕನೊಬ್ಬನು ಯಂತ್ರದ ಪಕ್ಕದಲ್ಲಿ ಕುಳಿತಿದ್ದನು. ಹುಡುಗನು ಅವನಿಗೆ ನಮಸ್ಕರಿಸಿ, ಯಂತ್ರದ ಒಂದು ಪಕ್ಕಕ್ಕೆ ಅಂಗೈಯನ್ನು ಮೆಲ್ಲಗೆ ಇಟ್ಟು, ಕಣ್ಣುಮುಚ್ಚಿ ಒಂದು ಕ್ಷಣ ನಿಂತನು. ನಮ್ಮೂರಿನ ವೈದ್ಯರು ರೋಗಿಯ ನಾಡಿಯನ್ನು ಹಿಡಿದಾಗ ಇದೇ ಮುಖಭಾವ. ನೀರಿನ ಕೊಳವೆಯೊಂದು ಕಟ್ಟಿಕೊಂಡು ಯಂತ್ರವು ಕಾಯುತ್ತಿತ್ತಂತೆ. ಇಬ್ಬರೂ ಸೇರಿ ವೇಗವನ್ನು ತಗ್ಗಿಸಿ, ಏನನ್ನೋ ಬಿಚ್ಚಿ, ಕೊಳೆಯನ್ನು ತೆಗೆದು, ಮತ್ತೆ ಬಿಗಿದರು. ಹತ್ತು ನಿಮಿಷದ ಕೆಲಸ. ಮೇಲಿನವರಲ್ಲಿ ಒಬ್ಬರಿಗಾದರೂ ಇದು ತಿಳಿಯಲಿಲ್ಲ. ಮಕ್ಕಳು ಹಕ್ಕಿಗಳಿಗೆ ತಿಂಡಿ ಎಸೆಯುತ್ತಲೇ ಇದ್ದರು. ಅಳಿಯನು ಮೇಲಕ್ಕೆ ಬಂದಾಗ ಅವನ ಎರಡು ಕೈಗಳೂ ಮಸಿಯಾಗಿದ್ದವು. ನನ್ನ ಮುಂದೆ ಅವುಗಳನ್ನು ಬೆನ್ನ ಹಿಂದಕ್ಕೆ ಸರಿಸಿಕೊಂಡನು.

ವಾಚಕರೇ, ನಲವತ್ತು ವರ್ಷಗಳ ಹತ್ತಿರ ಪಾಠ ಹೇಳಿದ ಮನುಷ್ಯನಿಗೆ ಆ ಒಂದು ಚಲನೆಯಿಂದ ಆದ ಶಿಕ್ಷೆ ಸಾಕಾಯಿತು. ನನ್ನ ಆರು ವರ್ಷದ ಹಿಂದಿನ ಮಾತು ಆ ಕೈಗಳಲ್ಲಿ ಇನ್ನೂ ಉಳಿದಿತ್ತು. ನಾನು ಹೆಗಲ ಮೇಲಿನ ಅಂಗವಸ್ತ್ರವನ್ನು ತೆಗೆದು ಅವನಿಗೆ ಕೊಟ್ಟು, “ಒರಸಿಕೋ” ಎಂದೆನು. “ಬೇಡ ಮಾವ, ಕಲೆ ಹೋಗುವುದಿಲ್ಲ” ಎಂದನು. “ಹೋಗದಿದ್ದರೆ ಇರಲಿ” ಎಂದೆನು. ಇದಕ್ಕಿಂತ ಹೆಚ್ಚಿನ ಮಾತು ನಮ್ಮಲ್ಲಿ ನಡೆಯಲಿಲ್ಲ, ಬೇಕಾಗಿಯೂ ಇರಲಿಲ್ಲ. ಘಾರಾಪುರಿಯ ತ್ರಿಮುಖ ಸದಾಶಿವನ ಮುಂದೆ ಇಬ್ಬರೂ ಬಹಳ ಹೊತ್ತು ನಿಂತೆವು. ಅದನ್ನು ಕಡೆದವರ ಕೈಗಳೂ ಧೂಳಿನವೇ ಅಲ್ಲವೆ?

ಇನ್ನು ಅರ್ದೇಶೀರರ ಶೇಷಚರಿತ್ರೆಯನ್ನು ಹೇಳಿ ಮುಗಿಸುತ್ತೇನೆ. 1849ರಲ್ಲಿ ಅವರು ಅಮೇರಿಕಾ ದೇಶಕ್ಕೂ ಹೋಗಿಬಂದರು. 1851ರಲ್ಲಿ ‘ಲವಜಿ ಫ್ಯಾಮಿಲಿ’ ಎಂಬ ಉಗಿಹಡಗನ್ನು ನೀರಿಗಿಳಿಸಿದರು. ಅದರ ಯಂತ್ರಭಾಗಗಳೆಲ್ಲವೂ ಅವರ ಸ್ವಂತ ಎರಕಶಾಲೆಯಲ್ಲಿ ಆದವು. ಕುಲದ ಮರಗೆಲಸವನ್ನು ಬಿಟ್ಟು ಹೋದವರು ತಮ್ಮ ಕಬ್ಬಿಣದ ಯಂತ್ರದ ಹಡಗಿಗೆ ಕುಲದ ಹೆಸರನ್ನೇ ಇಟ್ಟರೆಂಬುದನ್ನು ಗಮನಿಸಬೇಕು. ಹೊಲಿಗೆಯ ಯಂತ್ರವನ್ನು ಮುಂಬಯಿಗೆ ಪರಿಚಯಮಾಡಿಸಿದವರೂ ಅವರೇ ಎಂದು ಪ್ರತೀತಿಯಿದೆ. ನಿವೃತ್ತಿಯಾದ ಮೇಲೆ ಇಂಗ್ಲೆಂಡಿಗೆ ಹೋದರು. 1861ರಿಂದ 1863ರವರೆಗೆ ಸಿಂಧೂನದಿಯ ಉಗಿನೌಕೆಗಳ ಕಂಪನಿಯಲ್ಲಿ ಮೇಲ್ವಿಚಾರಕ ಇಂಜಿನಿಯರಾಗಿದ್ದರು. ತರುಣನಾಗಿದ್ದಾಗ ಮೊದಲು ಕಟ್ಟಿದ ಹಡಗಿನ ಹೆಸರೂ ಸಿಂಧುವೇ, ಕೊನೆಗೆ ದುಡಿದುದೂ ಸಿಂಧುವಿನಲ್ಲಿಯೇ. ಬಳಿಕ ಇಂಗ್ಲೆಂಡಿನ ರಿಚ್‌ಮಂಡಿನಲ್ಲಿ ನೆಲಸಿ, ಹುಟ್ಟಿದ ಮನೆಯಿಂದ ಸಾವಿರಾರು ಮೈಲಿ ದೂರದಲ್ಲಿ 1877ರ ನವೆಂಬರ್ 16ರಂದು ದೇಹಬಿಟ್ಟರು. ಸಮುದ್ರವಿದ್ಯೆಯು ಮನುಷ್ಯನಿಗೆ ಬಹಳವನ್ನು ಕೊಡುತ್ತದೆ. ಮನೆಯನ್ನು ದೂರ ಮಾಡುತ್ತದೆ. ಇದನ್ನೂ ಮರೆಮಾಚಬಾರದು. ಭಾರತ ಸರ್ಕಾರದ ಅಂಚೆ ಇಲಾಖೆಯು 1969ರ ಮೇ 27ರಂದು ಅವರ ಚಿತ್ರವಿರುವ ಅಂಚೆಚೀಟಿಯನ್ನು ಹೊರಡಿಸಿ ಸ್ಮರಿಸಿತು.

ಊರಿಗೆ ಹಿಂದಿರುಗಿದಾಗ ತಂಗಿಯು ಬಾಗಿಲಿನಲ್ಲಿಯೇ, “ಹೇಗಿದ್ದಾನೆ?” ಎಂದು ಕೇಳಿದಳು. “ಆರೋಗ್ಯವಾಗಿದ್ದಾನೆ, ಒಳ್ಳೆಯ ವಿದ್ಯೆ ಕಲಿತಿದ್ದಾನೆ” ಎಂದೆನು. ಅವಳು ನನ್ನ ಮುಖವನ್ನೇ ನೋಡಿದಳು. ಮುಂಗೈಯ ಕಲೆಯ ವಿಷಯವನ್ನು ಮಾತಿಗೆ ತಪ್ಪದೆ ಹೇಳಲಿಲ್ಲ. ಅಂಗವಸ್ತ್ರವನ್ನು ಎರಡು ಸಲ ಒಗೆದರೂ ಅದರ ಅಂಚಿನ ಮಸಿ ಹೋಗಿಲ್ಲ. ಅದನ್ನೇ ಹೊದ್ದುಕೊಂಡು ಈ ಲೇಖನವನ್ನು ಬರೆಯುತ್ತಿದ್ದೇನೆ.